ಗ್ಯಾರೇಜಿನಲ್ಲಿ ಒಂದು ಲೀಟರ್ ನಿಕೋಟಿನ್: ಸುಂಕ ಬರುವ ಮುನ್ನ ವೇಪ್ ಕೂಡಿಡಬೇಕೆ?

ಪ್ರಶ್ನೆ: ನನ್ನ ಊರು ಪಿರಿಯಾಪಟ್ಟಣದ ಹತ್ತಿರ. ಹನ್ನೊಂದು ವರ್ಷದಿಂದ ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇನೆ. ವಯಸ್ಸು 41. ಹದಿನೆಂಟು ವರ್ಷ ದಿನಕ್ಕೆ ಹದಿನೈದು ಸಿಗರೇಟು ಸೇದುತ್ತಿದ್ದೆ. 2021ರಲ್ಲಿ ವೇಪ್ (ನಿಕೋಟಿನ್ ದ್ರವವನ್ನು ಕಾಯಿಸಿ ಆವಿ ಸೇದುವ ಇ-ಸಿಗರೇಟು) ಹಿಡಿದು ಸಿಗರೇಟು ಬಿಟ್ಟೆ. ಈಗ ಮಿ.ಲೀ.ಗೆ 12 ಮಿ.ಗ್ರಾಂ. ನಿಕೋಟಿನ್ ಇರುವ ದ್ರವ ದಿನಕ್ಕೆ 4 ಮಿ.ಲೀ. ಬೇಕಾಗುತ್ತದೆ. 2026ರ ಅಕ್ಟೋಬರ್‌ನಿಂದ ವೇಪ್ ದ್ರವಕ್ಕೆ ಸುಂಕ ಬೀಳುತ್ತದೆ, ಮುಂದೆ ರುಚಿಗಳನ್ನೂ ನಿಷೇಧಿಸುತ್ತಾರೆ ಎನ್ನುತ್ತಾರೆ. ಗೆಳೆಯನೊಬ್ಬ ಹೊರದೇಶದಿಂದ ತರಿಸಿದ, ಮಿ.ಲೀ.ಗೆ 72 ಮಿ.ಗ್ರಾಂ. ಸಾಂದ್ರತೆಯ ಒಂದು ಲೀಟರ್ ನಿಕೋಟಿನ್ ಬಾಟಲಿಯನ್ನು ನನಗೆ ಕೊಟ್ಟಿದ್ದಾನೆ. ಗ್ಯಾರೇಜಿನ ಕಪಾಟಿನಲ್ಲಿದೆ. ಅದನ್ನು ಫ್ರೀಜರ್‌ನಲ್ಲಿಟ್ಟು, ಗ್ಲಿಸರಿನ್ ಬೆರೆಸಿ, ಇಂಡಿಯನ್ ಅಂಗಡಿಯ ಏಲಕ್ಕಿ ಎಸೆನ್ಸ್ ಹಾಕಿಕೊಂಡರೆ ವರ್ಷಗಟ್ಟಲೆ ಯಾರ ಹಂಗೂ ಇರುವುದಿಲ್ಲ ಎನ್ನುತ್ತಾನೆ. ಮೂರು ವರ್ಷದ ಮಗಳಿದ್ದಾಳೆ. ಹೆಂಡತಿ ಬಾಟಲಿಯನ್ನು ಮನೆಯೊಳಗೆ ತರಲು ಬಿಡುತ್ತಿಲ್ಲ. ಡಿಸೆಂಬರ್‌ನಲ್ಲಿ ಊರಿಗೆ ಹೋಗುವಾಗ ಒಂದಿಷ್ಟು ಒಯ್ಯಬಹುದೆ? ವೇಪ್ ಸಿಗದೆ ಹೋದರೆ ಮತ್ತೆ ಸಿಗರೇಟಿಗೆ ಹೋಗಿಬಿಡುತ್ತೇನೆ ಎಂಬ ಭಯ ನನಗೆ.

ಉತ್ತರ: ನಿಮ್ಮ ಪತ್ರದ ಕೊನೆಯ ವಾಕ್ಯದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಬಾಟಲಿ, ಫ್ರೀಜರ್, ಎಸೆನ್ಸ್ ಎಲ್ಲವೂ ಆ ಭಯದಿಂದ ಹುಟ್ಟಿದವು. ಔಷಧ ವಿತರಕನಾಗಿ ಇಲ್ಲಿ ಬ್ರಿಟನ್ನಿನಲ್ಲಿ ಧೂಮಪಾನ ಬಿಡಿಸುವ ಸಲಹೆ ಕೊಡುತ್ತಾ ವರ್ಷಗಳು ಕಳೆದಿವೆ. ನಿಮ್ಮಂಥವರು ನನ್ನೆದುರು ಬಂದು ಕೂತಾಗ ನಾನು ಮೊದಲು ಹೇಳುವುದು ಇದನ್ನೇ: ಆ ಭಯ ಸುಳ್ಳಲ್ಲ. ಸಿಗರೇಟಿಗೆ ಮರಳುವುದು ನಿಮ್ಮ ಮುಂದಿರುವ ದಾರಿಗಳಲ್ಲೆಲ್ಲ ಅತ್ಯಂತ ಕೆಟ್ಟದ್ದು. ಸಿಗರೇಟಿನಲ್ಲಿ ಎಲೆ ಉರಿಯುತ್ತದೆ. ಟಾರು, ಕಾರ್ಬನ್ ಮಾನಾಕ್ಸೈಡು ಹುಟ್ಟುವುದು ಆ ಉರಿಯಿಂದ. ವೇಪಿನಲ್ಲಿ ಉರಿಯಿಲ್ಲ, ದ್ರವ ಕಾದು ಆವಿಯಾಗುತ್ತದೆ. ಅದು ನಿರಪಾಯಕಾರಿಯಲ್ಲ, ಸೇದದವರು ಅದನ್ನು ಮುಟ್ಟಲೇಬಾರದು. ಆದರೆ ಹದಿನೆಂಟು ವರ್ಷ ಸೇದಿದ ನೀವು ಬಿಟ್ಟಿದ್ದೀರಿ, ಅದು ಸಣ್ಣ ಸಾಧನೆಯಲ್ಲ. ಅದನ್ನು ಉಳಿಸಿಕೊಳ್ಳುವುದೇ ಈ ಉತ್ತರದ ಗುರಿ.

ಈಗ ಬರುತ್ತಿರುವುದೇನು ಎಂದು ನೋಡೋಣ. 2026ರ ಅಕ್ಟೋಬರ್ 1ರಿಂದ ಬ್ರಿಟನ್ನಿನಲ್ಲಿ ಪ್ರತಿ 10 ಮಿ.ಲೀ. ವೇಪ್ ದ್ರವಕ್ಕೆ 2.20 ಪೌಂಡ್ ಸುಂಕ. ಅದರ ಮೇಲೆ ಶೇ. 20ರ ವ್ಯಾಟ್ ಸೇರಿ 2.64 ಪೌಂಡ್. ನಿಕೋಟಿನ್ ಇಲ್ಲದ ದ್ರವಕ್ಕೂ ಇದೇ ದರ. ಅಂಗಡಿಗಳಲ್ಲಿರುವ ಹಳೆಯ ಸರಕನ್ನು ಮಾರಿ ಮುಗಿಸಲು ಆರು ತಿಂಗಳ ಕಾಲಾವಕಾಶವಿದೆ. ಆದ್ದರಿಂದ ಅಕ್ಟೋಬರ್ 1ರ ಬೆಳಿಗ್ಗೆ ಎಲ್ಲವೂ ಖಾಲಿಯಾಗಿರುತ್ತದೆ ಎಂಬ ಮಾತು ನಿಜವಲ್ಲ. 2025ರ ಜೂನ್ 1ರಿಂದ ನಿಷೇಧವಾಗಿರುವುದು ಒಮ್ಮೆ ಬಳಸಿ ಬಿಸಾಡುವ ವೇಪ್ ಮಾತ್ರ. ದ್ರವ ತುಂಬಿಸಿ ಬಳಸುವ ನಿಮ್ಮ ಸಾಧನವಲ್ಲ. 2009ರ ಜನವರಿ 1ರಂದು ಅಥವಾ ಅನಂತರ ಹುಟ್ಟಿದವರಿಗೆ ಎಂದೆಂದಿಗೂ ಮಾರಬಾರದು ಎಂಬ ನಿಬಂಧನೆ ತಂಬಾಕಿಗೆ ಸಂಬಂಧಿಸಿದ್ದು, ವೇಪಿಗಲ್ಲ. 2024ರ ನವೆಂಬರ್‌ನಲ್ಲಿ ಸಂಸತ್ತಿನ ಮುಂದೆ ಬಂದ ಅದೇ ಮಸೂದೆ ವೇಪಿನ ರುಚಿ, ಪೊಟ್ಟಣ, ಅಂಗಡಿಯಲ್ಲಿ ಜೋಡಿಸಿಡುವ ಬಗೆ ಇವುಗಳ ಮೇಲೆ ನಿಯಮ ಮಾಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಡುತ್ತದೆ. ನಿಮ್ಮ ಇಷ್ಟದ ರುಚಿ ಮುಂದೊಂದು ದಿನ ಸಿಗದೆ ಹೋಗಬಹುದು. ವಯಸ್ಕರಿಗೆ ವೇಪೇ ಸಿಗದಂತಾಗುವುದು ಅದರ ಉದ್ದೇಶವಲ್ಲ.

ಇಂಥ ಗಾಬರಿ ಹೊಸದೂ ಅಲ್ಲ. ಅಮೆರಿಕದಲ್ಲಿ 2016ರ ಆಗಸ್ಟ್ 8ರಂದು ವೇಪ್ ಉತ್ಪನ್ನಗಳು ಅಲ್ಲಿನ ಆಹಾರ ಮತ್ತು ಔಷಧ ಆಡಳಿತದ ಹತೋಟಿಗೆ ಬಂದವು. ಎರಡು ವರ್ಷದಲ್ಲಿ ಎಲ್ಲವೂ ಮಾಯವಾಗುತ್ತದೆಂದು ಜನ ಲೀಟರ್‌ಗಟ್ಟಲೆ ನಿಕೋಟಿನ್ ಕೊಂಡು ಫ್ರೀಜರ್ ತುಂಬಿಸಿದರು. ತಯಾರಕರು ಅರ್ಜಿ ಸಲ್ಲಿಸಬೇಕಾದ ಗಡುವು 2018ರಿಂದ 2022ಕ್ಕೆ ಹೋಯಿತು, ನ್ಯಾಯಾಲಯದ ಆದೇಶದಿಂದ 2020ರ ಮೇಗೆ ಹಿಂದೆ ಬಂತು, ಕೊನೆಗೆ 2020ರ ಸೆಪ್ಟೆಂಬರ್ 9ಕ್ಕೆ ನಿಂತಿತು. ನಾಲ್ಕು ವರ್ಷ ದಿನಾಂಕ ಹೀಗೆ ಅತ್ತಿತ್ತ ಓಡಾಡಿತು. ಫ್ರೀಜರ್ ತುಂಬಿಸಿಕೊಂಡವರು ಮಾತ್ರ ಸೇದುತ್ತಲೇ ಇದ್ದರು. ಇದನ್ನು ಏಕೆ ಹೇಳುತ್ತಿದ್ದೇನೆಂದರೆ, ಕೂಡಿಟ್ಟ ಸರಕು ಎಷ್ಟು ಕಾಲಕ್ಕೆ ಸಾಕಾಗುತ್ತದೋ ಅಷ್ಟು ಕಾಲ ಚಟವೂ ಬಾಳುತ್ತದೆ. ನಿಮ್ಮ ಲೆಕ್ಕವನ್ನೇ ಹಾಕಿ. ಒಂದು ಲೀಟರಿನಲ್ಲಿ 72,000 ಮಿ.ಗ್ರಾಂ. ನಿಕೋಟಿನ್ ಇದೆ. ನಿಮ್ಮ ದಿನದ ಬಳಕೆ 48 ಮಿ.ಗ್ರಾಂ. ಅಂದರೆ 1,500 ದಿನ, ನಾಲ್ಕು ವರ್ಷಕ್ಕೂ ಮೇಲೆ. ಮಗಳು ಶಾಲೆಗೆ ಸೇರಿ ಓದು ಬರಹ ಕಲಿತಿರುತ್ತಾಳೆ, ಆ ಬಾಟಲಿ ಇನ್ನೂ ಮುಗಿದಿರುವುದಿಲ್ಲ. ನಾಲ್ಕು ವರ್ಷ ವೇಪ್ ಸೇದುತ್ತೇನೆಂದು ನೀವು ಎಂದಾದರೂ ತೀರ್ಮಾನಿಸಿದ್ದಿರಾ? ಆ ತೀರ್ಮಾನವನ್ನು ನಿಮ್ಮ ಪರವಾಗಿ ಬಾಟಲಿ ಮಾಡಿಬಿಟ್ಟಿದೆ.

ಅದಕ್ಕಿಂತ ದೊಡ್ಡ ಮಾತು ಮಗುವಿನದು. ನೀವು ಪಿರಿಯಾಪಟ್ಟಣದ ಕಡೆಯವರು, ನಾನು ಹುಣಸೂರಿನವನು. ಹೊಗೆಸೊಪ್ಪು ಮುರಿಯುವ ಕಾಲ ನಮಗಿಬ್ಬರಿಗೂ ಗೊತ್ತು. ಚಿಕ್ಕವನಿದ್ದಾಗ ಮಳೆ ನಿಂತ ಬೆಳಿಗ್ಗೆ ದೊಡ್ಡವರ ಹಿಂದೆ ಹೊಲಕ್ಕೆ ಹೋಗಿ, ನೆನೆದ ಸೊಪ್ಪನ್ನು ಕಂಕುಳಲ್ಲಿ ಅವುಚಿಕೊಂಡು ಸೊಪ್ಪು ಒಣಗಿಸುವ ಬ್ಯಾರನ್ ತನಕ ಹೊರುತ್ತಿದ್ದೆ. ಅಂಗೈಗೆ ಕಪ್ಪು ಅಂಟು ಮೆತ್ತಿಕೊಂಡು ಸೋಪಿಗೂ ಬಿಡುತ್ತಿರಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ತಲೆ ಸುತ್ತಿ, ಬಾಯಲ್ಲಿ ನೀರೂರಿ, ಬೇಲಿಯ ಪಕ್ಕ ಕುಳಿತು ವಾಂತಿ ಮಾಡಿಕೊಂಡದ್ದು ಈಗಲೂ ನೆನಪಿದೆ. ಬಿಸಿಲಿಗೆ ಹೀಗಾಗಿದೆ ಎಂದು ಮಜ್ಜಿಗೆ ಕುಡಿಸುತ್ತಿದ್ದರು. ಬಿಸಿಲೇ ಇರಲಿಲ್ಲ. ಒದ್ದೆ ಎಲೆಯ ನಿಕೋಟಿನ್ ಚರ್ಮದ ಮೂಲಕ ಮೈಗೆ ಇಳಿದದ್ದು ಅದು. ವೈದ್ಯರು ಅದನ್ನು ಹಸಿ ತಂಬಾಕಿನ ಕಾಯಿಲೆ ಎಂದೇ ಕರೆಯುತ್ತಾರೆ. ಬರೀ ಎಲೆಯ ಮೇಲಿನ ಇಬ್ಬನಿಗೆ ಅಷ್ಟು ಶಕ್ತಿಯಿದ್ದರೆ, ಮಿ.ಲೀ.ಗೆ 72 ಮಿ.ಗ್ರಾಂ. ಇರುವ ದ್ರವ ಕೈ ಮೇಲೆ ಚೆಲ್ಲಿದರೆ ಏನಾದೀತು ಎಂಬುದನ್ನು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ನಿಕೋಟಿನ್ ಎಷ್ಟು ಹೊಟ್ಟೆಗೆ ಹೋದರೆ ಪ್ರಾಣಕ್ಕೆ ಅಪಾಯ ಎಂಬುದರಲ್ಲೂ ಎರಡು ಬಗೆಯ ಮಾತು ಕೇಳಿರುತ್ತೀರಿ. ಹಳೆಯ ಪಠ್ಯಪುಸ್ತಕಗಳು ವಯಸ್ಕರಿಗೆ 60 ಮಿ.ಗ್ರಾಂ. ಎನ್ನುತ್ತಿದ್ದವು. ಆಸ್ಟ್ರಿಯದ ಗ್ರಾಟ್ಸ್‌ನ ವಿಜ್ಞಾನಿ ಬರ್ನ್ಡ್ ಮೇಯರ್ 2014ರಲ್ಲಿ ಆ ಸಂಖ್ಯೆಯ ಮೂಲ ಹುಡುಕಿಕೊಂಡು ಹೋದಾಗ ಸಿಕ್ಕಿದ್ದು ಹತ್ತೊಂಬತ್ತನೇ ಶತಮಾನದ, ನಂಬಲಾಗದ ಕೆಲವು ಸ್ವಪ್ರಯೋಗಗಳು. ಮಾರಕ ಪ್ರಮಾಣದ ಕೆಳಮಿತಿಯೇ 500 ಮಿ.ಗ್ರಾಂ.ನಿಂದ 1 ಗ್ರಾಂವರೆಗೆ ಇರಬೇಕು ಎಂದು ಅವರು ಅಂದಾಜಿಸಿದರು. ನಿಮ್ಮ ಗೆಳೆಯ ಇದನ್ನೇ ಓದಿ ಧೈರ್ಯ ಹೇಳುತ್ತಿರಬಹುದು. ಆದರೆ ಗ್ಯಾರೇಜಿನ ಬಾಟಲಿಯಿಂದ ಎರಡು ಟೀ ಚಮಚ ತೆಗೆದರೆ 720 ಮಿ.ಗ್ರಾಂ.; ಮೇಯರ್ ಹೇಳಿದ ಹೊಸ ಅಳತೆಯಲ್ಲೂ ವಯಸ್ಕನಿಗೆ ಅದು ಮಾರಕವಾಗಬಹುದು. ಹದಿನಾಲ್ಕು ಹದಿನೈದು ಕಿಲೋ ತೂಗುವ ಮಗುವಿಗೆ ಒಂದೆರಡು ಗುಟುಕೇ ಸಾಕು. 2014ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಒಂದು ಪುಟ್ಟ ಮಗು ದ್ರವ ನಿಕೋಟಿನ್ ಕುಡಿದು ತೀರಿಕೊಂಡಿತು. ಮಕ್ಕಳು ತೆರೆಯಲಾಗದ ಮುಚ್ಚಳ ಕಡ್ಡಾಯವೆಂಬ ಕಾನೂನು ಅಲ್ಲಿ ಬಂದದ್ದು ಅದಾದ ಮೇಲೆ. 2018ರಲ್ಲಿ ಮೆಲ್ಬರ್ನ್‌ನಲ್ಲಿ ಒಂದೂವರೆ ವರ್ಷದ ಮಗು ಸತ್ತದ್ದು, ತಾಯಿ ಹೊರದೇಶದಿಂದ ತರಿಸಿದ ಸಾಂದ್ರ ನಿಕೋಟಿನ್‌ಗೆ ರುಚಿ ಬೆರೆಸಿಕೊಳ್ಳುತ್ತಿದ್ದಾಗ. ನಿಮ್ಮ ಯೋಜನೆ ಅದಕ್ಕಿಂತ ಬೇರೆಯಲ್ಲ. ನಿಮ್ಮ ಮನೆಯವರು ಬಾಟಲಿಯನ್ನು ಹೊಸ್ತಿಲ ಹೊರಗೇ ನಿಲ್ಲಿಸಿದ್ದಾರೆ, ಸರಿಯಾಗಿಯೇ ಮಾಡಿದ್ದಾರೆ. ಗ್ಯಾರೇಜೂ ಮನೆಯೇ ಎಂಬುದಷ್ಟನ್ನು ನಾನು ಸೇರಿಸುತ್ತೇನೆ.

ಕಾನೂನೂ ಇದೇ ಕಾರಣಕ್ಕೆ ಇದೆ. 2017ರ ಮೇ ತಿಂಗಳಿಂದ ಬ್ರಿಟನ್ನಿನಲ್ಲಿ ಗ್ರಾಹಕರಿಗೆ ಮಾರುವ ನಿಕೋಟಿನ್ ದ್ರವ ಮಿ.ಲೀ.ಗೆ 20 ಮಿ.ಗ್ರಾಂ. ಮೀರುವಂತಿಲ್ಲ, ಬಾಟಲಿ 10 ಮಿ.ಲೀ. ಮೀರುವಂತಿಲ್ಲ. ಆ ಸಣ್ಣ ಬಾಟಲಿಗಳನ್ನು ಕಂಡು ಜನ ಸಿಡುಕುತ್ತಾರೆ. ಒಂದು ಬಾಟಲಿ ಚೆಲ್ಲಿದರೆ ಅಥವಾ ಮಗುವಿನ ಕೈಗೆ ಸಿಕ್ಕರೆ ಅನಾಹುತಕ್ಕೊಂದು ಮಿತಿ ಇರಲಿ ಎಂಬುದೇ ಅದರ ಉದ್ದೇಶ. ಹಾಗೆಂದು 10 ಮಿ.ಲೀ. ಬಾಟಲಿಯನ್ನೂ ಹಗುರವಾಗಿ ಕಾಣಬೇಡಿ, ಅದರಲ್ಲೂ 200 ಮಿ.ಗ್ರಾಂ.ವರೆಗೆ ಇರುತ್ತದೆ. ಬೀಗ ಹಾಕಿದ ಪೆಟ್ಟಿಗೆಯಲ್ಲಿ, ಮಗುವಿನ ಕೈಗೆ ಎಟುಕದ ಎತ್ತರದಲ್ಲಿಡಿ. ಫ್ರಿಜ್‌ನಲ್ಲಿ ಮೊಸರಿನ ಪಕ್ಕ ಇಡಬೇಡಿ. ಮಗು ಬಾಯಿಗೆ ಹಾಕಿಕೊಂಡಿದೆ ಎಂಬ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ತಕ್ಷಣ ಇಲ್ಲಿನ ತುರ್ತು ಸಂಖ್ಯೆ 999ಕ್ಕೆ ಕರೆ ಮಾಡಿ. ಜೊಲ್ಲು ಸುರಿಯುವುದು, ಮುಖ ಬಿಳಿಚಿಕೊಳ್ಳುವುದು, ವಾಂತಿ, ಬೆವರು ಮೊದಲು ಬರುತ್ತವೆ. ಆಮೇಲೆ ಸೆಳವು, ಉಸಿರು ಕುಗ್ಗುವುದು. ಕಾಯುತ್ತಾ ಕೂರಬೇಡಿ. ಚರ್ಮದ ಮೇಲೆ ಬಿದ್ದಿದ್ದರೆ ಬಟ್ಟೆ ತೆಗೆದು ಧಾರಾಳ ನೀರಿನಲ್ಲಿ ತೊಳೆಯಿರಿ.

ಏಲಕ್ಕಿ ಎಸೆನ್ಸ್ ವಿಷಯಕ್ಕೆ ಬರುತ್ತೇನೆ. ಈ ಪ್ರಶ್ನೆ ನಮ್ಮವರಿಂದ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಏಲಕ್ಕಿ, ಸೋಂಪು, ಗುಲಾಬಿ, ಪಾನ್ ಎಲ್ಲವನ್ನೂ ಕೇಳಿದ್ದಾರೆ. ‘ತಿನ್ನುವುದೇ ತಾನೇ, ಏನಾಗುತ್ತದೆ?’ ಎಂದು. ತಿಂದದ್ದು ಹೊಟ್ಟೆಗೆ ಹೋಗುತ್ತದೆ. ಹೊಟ್ಟೆಗೆ ಆಮ್ಲವಿದೆ, ಪಿತ್ತವಿದೆ, ಪಿತ್ತಜನಕಾಂಗವಿದೆ. ಎಣ್ಣೆ, ಜಿಡ್ಡು ಯಾವುದನ್ನಾದರೂ ಅರೆದು ಜೀರ್ಣ ಮಾಡಿಕೊಳ್ಳುತ್ತದೆ. ಶ್ವಾಸಕೋಶಕ್ಕೆ ಅಂಥ ಅಡುಗೆಮನೆ ಇಲ್ಲ. ಅಲ್ಲಿರುವುದು ಗಾಳಿಯನ್ನು ರಕ್ತಕ್ಕೆ ದಾಟಿಸುವ ತೆಳುಪೊರೆ. ಎಣ್ಣೆಯ ಆವಿ ಅಲ್ಲಿ ಕೂತರೆ ರಕ್ಷಕ ಕೋಶಗಳು ಅದನ್ನು ನುಂಗಲು ಹೋಗಿ ತಾವೇ ಉಬ್ಬಿ ನಿಲ್ಲುತ್ತವೆ, ಜಿಡ್ಡಿನ ನ್ಯುಮೋನಿಯಾ ಬರುತ್ತದೆ. ಅಡುಗೆ ಎಸೆನ್ಸ್‌ಗಳಲ್ಲಿ ಹಲವು ಎಣ್ಣೆಯ ಆಧಾರದವು. ಬಾಟಲಿಯ ಮೇಲೆ ಅದು ಯಾವಾಗಲೂ ಸ್ಪಷ್ಟವಾಗಿರುವುದಿಲ್ಲ. ಬೆಣ್ಣೆಯ ಪರಿಮಳ ಕೊಡುವ ಡೈಅಸಿಟೈಲ್ ಎಂಬ ರಾಸಾಯನಿಕದ ಕಥೆಯೂ ಇದೇ. ಪಾಪ್‌ಕಾರ್ನ್ ತಿಂದವರಿಗೆ ಏನೂ ಆಗಲಿಲ್ಲ, ಅದನ್ನು ತಯಾರಿಸುವ ಅಮೆರಿಕದ ಕಾರ್ಖಾನೆಯಲ್ಲಿ ಅದರ ಆವಿ ಉಸಿರಾಡಿದ ಕಾರ್ಮಿಕರ ಶ್ವಾಸನಾಳಗಳು ಮರಳಿ ಸರಿಯಾಗದಂತೆ ಹಾಳಾದವು. ಬ್ರಿಟನ್ನಿನಲ್ಲಿ ಮಾರುವ ವೇಪ್ ದ್ರವದಲ್ಲಿ ಅದಕ್ಕೆ ಅವಕಾಶವಿಲ್ಲ. ಕೇಕಿಗೆ ಹಾಕುವ ಎಸೆನ್ಸ್‌ಗೆ ಆ ನಿಯಮ ಇಲ್ಲ.

2019ರಲ್ಲಿ ಅಮೆರಿಕದಲ್ಲಿ ಯುವಜನರು ಆಸ್ಪತ್ರೆಗಳನ್ನು ತುಂಬಿದ್ದನ್ನೂ ಇಲ್ಲಿ ಹೇಳಬೇಕು. 2020ರ ಫೆಬ್ರವರಿ ಹೊತ್ತಿಗೆ 2,807 ಜನ ದಾಖಲಾಗಿ, 68 ಜನ ಸತ್ತಿದ್ದರು. ಅದನ್ನು ಕೇಳಿ ವೇಪ್ ಬಿಟ್ಟು ಸಿಗರೇಟಿಗೆ ಮರಳಿದವರನ್ನು ನಾನು ಕಂಡಿದ್ದೇನೆ, ಆ ನೋವು ನನಗೆ ಇನ್ನೂ ಇದೆ. ಅಲ್ಲಿ ಮುಖ್ಯ ಅಪರಾಧಿಯಾಗಿ ಕಂಡುಬಂದದ್ದು ಕಳ್ಳ ಮಾರುಕಟ್ಟೆಯ ಗಾಂಜಾ ದ್ರವಕ್ಕೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಎಂಬ ಎಣ್ಣೆ. ಅಂಗಡಿಯ ಮಾಮೂಲು ನಿಕೋಟಿನ್ ದ್ರವ ಅದಲ್ಲ. ಅಂದರೆ ಆ ದುರಂತ ಎಚ್ಚರಿಸುವುದು ಯಾರೋ ಎಲ್ಲೋ ಬೆರೆಸಿದ, ಒಳಗೇನಿದೆಯೆಂದು ಗೊತ್ತಿಲ್ಲದ ದ್ರವದ ಬಗ್ಗೆ. ನಿಮ್ಮ ಗ್ಯಾರೇಜಿನಲ್ಲಿರುವುದು ಅಂಥದ್ದೇ. ಅದರ ಮೇಲೆ 72 ಎಂದು ಬರೆದಿದೆ. ಒಳಗಿರುವುದು 72ಓ 100ಓ ಎಂದು ಅಳೆದವರು ಯಾರು?

ಹಾಗಾದರೆ ನೀವು ಏನು ಮಾಡಬಹುದು? ಹಣದ ಲೆಕ್ಕದಲ್ಲಿ ಒಂದು ಸುಲಭ ದಾರಿ ಇದೆ, ಅದನ್ನು ಯಾರೂ ನಿಮಗೆ ಹೇಳಿಲ್ಲ. ಸುಂಕ ಬೀಳುವುದು ದ್ರವದ ಅಳತೆಯ ಮೇಲೆ, ನಿಕೋಟಿನ್ ಮೇಲಲ್ಲ. ಈಗಿನ ಬಳಕೆಯಲ್ಲಿ ನಿಮಗೆ ತಿಂಗಳಿಗೆ 12 ಬಾಟಲಿ, ಹೆಚ್ಚುವರಿ ಹೊರೆ ಸುಮಾರು 32 ಪೌಂಡ್. ಅದೇ 48 ಮಿ.ಗ್ರಾಂ. ನಿಕೋಟಿನ್ ಅನ್ನು ಮಿ.ಲೀ.ಗೆ 20 ಮಿ.ಗ್ರಾಂ. ದ್ರವದಿಂದ ಪಡೆದರೆ ದಿನಕ್ಕೆ 2.4 ಮಿ.ಲೀ. ಸಾಕು, ಹೆಚ್ಚುವರಿ ಹೊರೆ 19 ಪೌಂಡಿಗೆ ಇಳಿಯುತ್ತದೆ. ಗಂಟಲು ಉರಿಯುತ್ತದೆ ಎನಿಸಿದರೆ ನಿಕೋಟಿನ್ ಸಾಲ್ಟ್ ಇರುವ ದ್ರವ ಕೇಳಿ, ಅದು ಮೆತ್ತಗಿರುತ್ತದೆ. ನಿಕೋಟಿನ್ ಸಾಕೆಂದು ಮೈ ತಾನೇ ತಿಳಿಸುತ್ತದೆ, ಸೇದುವ ಸಲ ತಾನಾಗಿ ಇಳಿಯುತ್ತದೆ. ಮೊದಲ ವಾರ ಕೈ ಹಳೆಯ ಅಭ್ಯಾಸಕ್ಕೆ ಪದೇಪದೇ ಜೇಬಿಗೆ ಹೋಗುತ್ತದೆ. ತಲೆ ಹಗುರಾದರೆ, ಹೊಟ್ಟೆ ತೊಳೆಸಿದರೆ ಅದು ಹೆಚ್ಚಾದ ಸೂಚನೆ, ಇಟ್ಟುಬಿಡಿ. ಇಷ್ಟೆಲ್ಲ ಆದ ಮೇಲೂ ಹೋಲಿಕೆ ಮಾಡಿ ನೋಡಿ. ಇಪ್ಪತ್ತು ಸಿಗರೇಟಿನ ಪ್ಯಾಕಿಗೆ ಇಲ್ಲಿ 15 ಪೌಂಡಿಗೂ ಹೆಚ್ಚು. ದಿನಕ್ಕೆ ಹದಿನೈದರಂತೆ ತಿಂಗಳಿಗೆ 330 ಪೌಂಡ್ ದಾಟುತ್ತದೆ. ಸುಂಕ ಬಂದರೂ ವೇಪು ಸಿಗರೇಟಿನ ಹತ್ತಿರಕ್ಕೂ ಬರುವುದಿಲ್ಲ.

ಮನಸ್ಸಿನ ನೆಮ್ಮದಿಗೆ ಒಂದಿಷ್ಟು ಕೂಡಿಡಬೇಕು ಎನಿಸಿದರೆ ಮೂರು ತಿಂಗಳಿಗಾಗುವಷ್ಟು ಕೊಳ್ಳಿ, ಅದಕ್ಕಿಂತ ಹೆಚ್ಚು ಬೇಡ. 20 ಮಿ.ಗ್ರಾಂ. ದ್ರವದ ಲೆಕ್ಕದಲ್ಲಿ 22 ಬಾಟಲಿ, ಒಂದು ಊಟದ ಡಬ್ಬಿಯಲ್ಲಿ ಹಿಡಿಯುತ್ತದೆ. ಉಳಿತಾಯ 58 ಪೌಂಡ್. ಕತ್ತಲಲ್ಲಿ, ತಂಪಾಗಿ ಇಡಿ. ನಿಕೋಟಿನ್‌ಗೆ ಗಾಳಿ, ಬೆಳಕು, ಶಾಖ ಮೂರೂ ಆಗದು. ಹೊಂಬಣ್ಣದಿಂದ ಕಂದು ಬಣ್ಣಕ್ಕೆ ತಿರುಗಿ, ಖಾರ ರುಚಿ ಬರುತ್ತದೆ, ಬಲ ಕುಗ್ಗುತ್ತದೆ. ಕಣಜದ ಭತ್ತದ ಹಾಗೆ ಹಳೆಯದನ್ನು ಮೊದಲು ತೆಗೆಯಿರಿ.

ದ್ರವಕ್ಕಿಂತ ಮೊದಲು ಕೈಕೊಡುವುದು ಸಾಧನ. ನಿಮ್ಮ ಪಾಡ್‌ಗೆ (ದ್ರವ ತುಂಬುವ ಸಣ್ಣ ಡಬ್ಬಿ) ಹೊಂದುವ ಕಾಯಿಲನ್ನು (ದ್ರವ ಕಾಯಿಸುವ ತಂತಿಸುರುಳಿ) ಕಂಪನಿ ನಿಲ್ಲಿಸಿದರೆ ಫ್ರೀಜರ್ ತುಂಬ ದ್ರವವಿದ್ದರೂ ಉಪಯೋಗವಿಲ್ಲ. ಸ್ವಾವಲಂಬನೆಯೇ ಬೇಕೆಂದರೆ ಕಾಯಿಲನ್ನು ನೀವೇ ಸುತ್ತಿಕೊಳ್ಳಬಹುದಾದ ಟ್ಯಾಂಕ್ ಒಂದನ್ನು ಕೊಳ್ಳಿ, ಅದಕ್ಕೆ ಈ ಸುಂಕವೂ ಇಲ್ಲ. 28 ಗೇಜಿನ ಕಾಂತಾಲ್ ಎಂಬ ಮಿಶ್ರಲೋಹದ ತಂತಿಯನ್ನು 3 ಮಿ.ಮೀ. ಸಲಾಕೆಗೆ ಆರು ಸುತ್ತು ಹಾಕಿದರೆ ಸುಮಾರು 1.3 ಓಮ್ ಬರುತ್ತದೆ. ಸಿಗರೇಟಿನ ಹಾಗೆ ಬಾಯಿಗೆಳೆದು ಸೇದುವವರಿಗೆ ಅದು ಹೇಳಿ ಮಾಡಿಸಿದ್ದು. ಒಂದು ಕಾಯಿಲಿಗೆ ಏಳೆಂಟು ಸೆಂಟಿಮೀಟರ್ ತಂತಿ ಸಾಕು, ಹತ್ತು ಮೀಟರಿನ ಸುರುಳಿ ವರ್ಷಗಟ್ಟಲೆ ಬರುತ್ತದೆ. ಆದರೆ ಹೊಗೆ ಹೆಚ್ಚು ಬರಲೆಂದು ಓಮ್ ಇಳಿಸಲು ಹೋಗಬೇಡಿ. ಪೂರ್ತಿ ಚಾರ್ಜಾದ ಬ್ಯಾಟರಿಯಲ್ಲಿ 4.2 ವೋಲ್ಟ್, 1.3 ಓಮ್‌ಗೆ ಮೂರು ಆಂಪಿಯರ್ ಚಿಲ್ಲರೆ ಹರಿದರೆ, 0.2 ಓಮ್‌ಗೆ 21 ಆಂಪಿಯರ್. ವೇಪಿಗೆ ಹಾಕುವ 18650 ಎಂಬ ಅಳತೆಯ ಹಲವು ಬ್ಯಾಟರಿಗಳು ಅದನ್ನು ತಡೆಯವು, ಹೊದಿಕೆಯ ಮೇಲಿನ ದೊಡ್ಡ ದೊಡ್ಡ ಸಂಖ್ಯೆಗಳನ್ನು ನಂಬಬೇಡಿ. ಕಾಯಿಲಿನ ರೋಧವನ್ನು ತಾನೇ ಅಳೆದು, ತಪ್ಪಿದ್ದರೆ ನಿಲ್ಲುವ ಸಾಧನವನ್ನಷ್ಟೇ ಬಳಸಿ. ಬಿಡಿ ಬ್ಯಾಟರಿಯನ್ನು ಬೀಗದ ಕೈಗಳ ಜೊತೆ ಜೇಬಿಗೆ ಹಾಕಿಕೊಳ್ಳಬೇಡಿ. ತೊಡೆ ಸುಟ್ಟುಕೊಂಡು ಬಂದವರಿದ್ದಾರೆ.

ಊರಿಗೆ ಒಯ್ಯುವ ಮಾತು: ಬೇಡ, ಒಂದು ಬಾಟಲಿಯೂ ಬೇಡ, ಸಾಧನವೂ ಬೇಡ. ಕರ್ನಾಟಕ 2016ರಲ್ಲೇ ಇ-ಸಿಗರೇಟನ್ನು ನಿಷೇಧಿಸಿತ್ತು. 2019ರ ಕೇಂದ್ರ ಕಾಯ್ದೆಯ ಪ್ರಕಾರ ಭಾರತಕ್ಕೆ ಅದನ್ನು ತರುವುದೇ ಅಪರಾಧ. ಮೊದಲ ಸಲಕ್ಕೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದರೆ ಆ ವಾರಗಳಲ್ಲಿ ಬರಿಗೈಯಲ್ಲಿ ಹೋಗಬೇಡಿ. ಅಪ್ಪನ ಹಳೆಯ ಗೆಳೆಯರು, ಚಹಾದಂಗಡಿ, ಬಿಡಿ ಸಿಗರೇಟು, ಇವೆಲ್ಲ ಅಲ್ಲಿ ನಿಮ್ಮನ್ನು ಕಾದಿರುತ್ತವೆ. ಹೊರಡುವ ಹದಿನೈದು ದಿನ ಮೊದಲೇ ಇಲ್ಲಿನ ಔಷಧದಂಗಡಿಯಲ್ಲಿ ಮಾತಾಡಿ ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿ (ಪ್ಯಾಚ್) ಹಚ್ಚಿ ಅಭ್ಯಾಸ ಮಾಡಿಕೊಳ್ಳಿ, ತಡೆಯಲಾರದ ಗಳಿಗೆಗೆ ಜೇಬಿನಲ್ಲಿ ಗಮ್ ಇರಲಿ. 2 ಮಿ.ಗ್ರಾಂ. ಗಮ್ ಮೈಸೂರಿನ ಔಷಧದಂಗಡಿಗಳಲ್ಲೂ ಸಿಗುತ್ತದೆ. ವೇಪ್ ಇಲ್ಲದೆ ಮೂರು ವಾರ ಕಳೆದು ಬಂದವರಲ್ಲಿ ಕೆಲವರು ಮರಳಿ ಅದನ್ನು ಹಿಡಿಯುವುದೇ ಇಲ್ಲ. ಆ ಸಂತೋಷದ ಫೋನ್ ಕರೆಗಳು ಜನವರಿಯಲ್ಲಿ ನನಗೆ ಬರುತ್ತವೆ. ಪೂರ್ತಿ ಬಿಡುವ ಮನಸ್ಸಾದರೆ ವೈದ್ಯರನ್ನು ಸಿಟಿಸಿನ್ ಬಗ್ಗೆ ಕೇಳಿ, 2024ರಿಂದ ಇಲ್ಲಿ ಚೀಟಿಯ ಮೇಲೆ ಸಿಗುವ ಮಾತ್ರೆ ಅದು. ಚಟ ಬಿಡಿಸುವ ಇನ್ನೊಂದು ಮಾತ್ರೆ ವ್ಯಾರೆನಿಕ್ಲಿನ್ ಕೂಡ ಮತ್ತೆ ಸಿಗುತ್ತಿದೆ. ಆತುರ ಬೇಡ. ಸಿಗರೇಟಿಗೆ ಮರಳುವ ಅಪಾಯ ಕಂಡರೆ ವೇಪ್ ಇಟ್ಟುಕೊಂಡೇ ಇರಿ, ಅದಕ್ಕೆ ನಾಚಿಕೊಳ್ಳಬೇಕಿಲ್ಲ.

ಇನ್ನು ಆ ಬಾಟಲಿ. ಸಿಂಕಿಗೆ ಸುರಿಯಬೇಡಿ, ಕಸದ ಬುಟ್ಟಿಗೆ ಹಾಕಬೇಡಿ, ಗೆಳೆಯನಿಗೂ ವಾಪಸು ಕೊಡಬೇಡಿ. ಅವನ ಮನೆಯಲ್ಲೂ ಮಕ್ಕಳಿರಬಹುದು. ಮುಚ್ಚಳ ಬಿಚ್ಚದೆ, ಕೈಗವಸು ಹಾಕಿಕೊಂಡು ಎರಡು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಬೀಗವಿರುವ ಪೆಟ್ಟಿಗೆಯಲ್ಲಿ ನೇರವಾಗಿ ನಿಲ್ಲಿಸಿ, ಮೇಲೆ ‘ವಿಷ, ನಿಕೋಟಿನ್’ ಎಂದು ಬರೆದಿಡಿ. ಸೋಮವಾರ ಬೆಳಿಗ್ಗೆ ನಿಮ್ಮ ಊರಿನ ಸ್ಥಳೀಯ ಆಡಳಿತವಾದ ಕೌನ್ಸಿಲ್‌ಗೆ ಫೋನ್ ಮಾಡಿ, ಮನೆಯ ಅಪಾಯಕಾರಿ ರಾಸಾಯನಿಕ ತ್ಯಾಜ್ಯವನ್ನು ಯಾವ ಕೇಂದ್ರದಲ್ಲಿ, ಯಾವ ದಿನ ತೆಗೆದುಕೊಳ್ಳುತ್ತಾರೆಂದು ಕೇಳಿ. ನಿಕೋಟಿನ್ ಎಂದೂ, ಸಾಂದ್ರತೆ ಎಷ್ಟೆಂದೂ ಮುಚ್ಚಿಡದೆ ಹೇಳಿ. ಒಯ್ಯುವ ದಿನ ಕಾರಿನಲ್ಲಿ ಮಗಳನ್ನು ಕರೆದೊಯ್ಯಬೇಡಿ.